ಬಾಟ್ಲಿ ಆಂಟಿ ಮತ್ತು ಆಚೆ ದಡದ ಒರತೆ

ಕೆರೆ ದಂಡೆಯಲ್ಲಿ ಆಡುವ ಮಕ್ಕಳಿಗೆಲ್ಲ ಅವಳು ಬಾಟ್ಲಿ ಆಂಟಿ. ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಹೊಸದಾಗಿ ಬಂದ ಗುಮಾಸ್ತನೊಬ್ಬ ಈ ಹೆಸರು ಕೇಳಿ, ಪಾಪ, ಈ ವಯಸ್ಸಿನಲ್ಲಿ ಇವರಿಗೆ ಇಂಥ ಚಟ ಅಂಟಿಕೊಂಡಿದೆಯಲ್ಲ ಎಂದು ಒಳಗೊಳಗೇ ಮರುಗಿದ್ದನಂತೆ. ಅವಳ ಹತ್ತಿರ ನಿಂತಾಗಲೆಲ್ಲ ಮೂಗರಳಿಸಿ ವಾಸನೆ ಹಿಡಿಯುತ್ತಿದ್ದ. ಕೊನೆಗೆ ಅವಳೇ "ಏನಪ್ಪಾ, ನೆಗಡೀನಾ?" ಎಂದು ಕೇಳಿದ ಮೇಲೆ ಸಂಗತಿ ಹೊರಬಿದ್ದು ಲ್ಯಾಬಿಗೆ ಲ್ಯಾಬೇ ನಕ್ಕಿತು. ಅವಳೂ ನಕ್ಕಳು. ನಕ್ಕು ಮತ್ತೆ ಗಾಜಿನ ತಟ್ಟೆಗಳ ಮೇಲೆ ಬಗ್ಗಿದಳು.

ಹರೆಯದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ ಈ ಕೆಲಸಕ್ಕೆ ಸೇರಿದವಳ ತಲೆ ಈಗ ಅರ್ಧ ಬೆಳ್ಳಗಾಗಿತ್ತು. ಬೆಳಿಗ್ಗೆ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟರೆ ಕೆರೆ, ಗುಡ್ಡದ ಬುಡದ ಒರತೆಗಳು, ಊರಾಚೆಯ ಹೊಂಡಗಳು, ಒಂದೊಂದನ್ನೂ ಸುತ್ತಬೇಕು. ಮೊಣಕೈವರೆಗೆ ಕೈ ಇಳಿಸಿ, ಬಾಟ್ಲಿಯ ಬಾಯಿಗೆ ಬೆರಳು ತಾಗದಂತೆ ನೀರು ಹಿಡಿಯಬೇಕು. ಕಂಠಮಟ್ಟ ತುಂಬುವಂತಿಲ್ಲ, ಒಳಗಿನ ಜೀವಿಗಳಿಗೂ ಉಸಿರಾಡಲು ತುಸು ಜಾಗ ಬೇಕು. ಆಮೇಲೆ ಲ್ಯಾಬಿಗೆ ಬಂದು ಆ ನೀರನ್ನು ತೆಳು ಕಾಗದದಂಥ ಪೊರೆಯಲ್ಲಿ ಸೋಸಿ, ಪೊರೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ಬಿಸಿಪೆಟ್ಟಿಗೆಯೊಳಗೆ ಬೆಚ್ಚಗೆ ಮಲಗಿಸಬೇಕು. ಮಾರನೆಯ ದಿನ ತೆಗೆದು ನೋಡಿದರೆ ಪೊರೆಯ ಮೇಲೆ ಚುಕ್ಕಿಗಳು ಎದ್ದಿರುತ್ತವೆ. ಒಂದೊಂದು ಚುಕ್ಕಿಯೂ ಒಂದೊಂದು ಬ್ಯಾಕ್ಟೀರಿಯಾದ ಮಕ್ಕಳು ಮೊಮ್ಮಕ್ಕಳ ಸಂಸಾರ. ಅವನ್ನು ಎಣಿಸಬೇಕು. ಪಾಚಿಯನ್ನಾದರೆ ಮೈಕ್ರೋಸ್ಕೋಪಿನ ಕೆಳಗೆ ನೋಡಬೇಕು. ಮಣಿಸರದಂಥವು, ದೋಣಿಯಂಥವು, ಮೋಡದ ತುಣುಕಿನಂಥವು. ಮೊದಮೊದಲು ಅವನ್ನು ನೋಡುತ್ತ ಊಟ ಮರೆಯುತ್ತಿದ್ದಳು. ಈಗ ಊಟದ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಿದ್ದಳು.

ದಣಿವು ಬರೀ ಮೈಯದ್ದಲ್ಲ. ಈ ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಈ ವಾರ ನಮ್ಮನೆಯಲ್ಲಿ ಯಾರಿಗೂ ವಾಂತಿಭೇದಿ ಆಗಲಿಲ್ಲ ಎಂದು ಸಂಜೆ ಬಂದು ಯಾರೂ ಕೈಮುಗಿಯುವುದಿಲ್ಲ. ಕೆರೆಗೆ ಇಳಿಯಬೇಡಿ ಎಂದು ಬೋರ್ಡು ಹಾಕಿದ ದಿನ ಮಾತ್ರ ಊರಿಗೆಲ್ಲ ಅವಳ ನೆನಪಾಗುತ್ತದೆ.

ಊರಿನದು ಹಾಗಿರಲಿ, ಮನೆಯೊಳಗಿನ ಕಷ್ಟ ಬೇರೆ. ಅವಳ ಗಂಡ ಅದೇ ಕೆರೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು. ಊರಿನ ಅರ್ಧ ಜನ ಅವರ ಕೈಯಲ್ಲೇ ನೀರು ಕುಡಿದು ಈಜು ಕಲಿತವರು. ಇಬ್ಬರ ಮೊದಲ ಭೇಟಿಯಾದದ್ದೂ ಕೆರೆಯಲ್ಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ನೀರಿಗೆ ಬಿದ್ದಿದ್ದಳು, ಅವರು ಜಿಗಿದು ಎಳೆದು ತಂದಿದ್ದರು. ದಡಕ್ಕೆ ಬಂದ ಮೇಲೂ ಬಾಟ್ಲಿ ಅವಳ ಕೈಯಲ್ಲೇ ಇತ್ತೆಂದು ಮೇಷ್ಟ್ರು ಈಗಲೂ ನೆಂಟರ ಮುಂದೆ ಹೇಳಿ ನಗುವುದುಂಟು. ಮದುವೆಯಾದ ಮೇಲೆ ಎಷ್ಟು ಗೋಗರೆದರೂ ಅವಳು ಈಜು ಮಾತ್ರ ಕಲಿಯಲಿಲ್ಲ. "ಅದರೊಳಗೆ ಯಾರ್ಯಾರು ಇದ್ದಾರೆ ಅಂತ ನಿಮಗೆ ಗೊತ್ತಿಲ್ಲ, ಅದಕ್ಕೇ ಇಳೀತೀರಿ" ಅನ್ನುತ್ತಿದ್ದಳು.

ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರೇ ಜನ. ಮೂರನೆಯವರು ಅತ್ತೆ, ಬೆನ್ನು ಬಾಗಿದ್ದರೂ ನಾಲಿಗೆ ಬಾಗದವರು. ಬೇಸಿಗೆಯಲ್ಲಿ ಬೋರ್ಡು ಬಿದ್ದಾಗಲೆಲ್ಲ ಅವರದು ಒಂದೇ ಮಾತು: "ಮಗ ಊರ ಮಕ್ಕಳನ್ನ ನೀರಿಗಿಳಿಸ್ತಾನೆ, ಸೊಸೆ ಎಲ್ಲರನ್ನೂ ದಡ ಹತ್ತಿಸ್ತಾಳೆ. ಒಳ್ಳೇ ಜೋಡಿ ನಮ್ಮನೇದು."

ಆ ವರ್ಷದ ಬೇಸಿಗೆ ಬೇಗ ಬಂತು. ಶಾಲೆಗೆ ರಜೆ ಬೀಳುವ ಮೊದಲೇ ಮೆಟ್ಟಿಲ ಕಡೆಯ ನೀರು ದಪ್ಪಗೆ ಹಸಿರುಗಟ್ಟಿತು, ಬಣ್ಣದ ಡಬ್ಬಿ ಯಾರೋ ಮಗುಚಿದ ಹಾಗೆ. ನೀಲಿ-ಹಸಿರು ಪಾಚಿ. ಅದರಲ್ಲಿ ಕೆಲವು ಜಾತಿ ವಿಷ ಉಗುಳುತ್ತವೆ. ಮೈ ಕೆರೆತ, ಹೊಟ್ಟೆ ತೊಳೆಸುವಿಕೆ, ಅದಕ್ಕಿಂತ ಕೆಟ್ಟದ್ದೂ ಆದೀತು. ಅವಳು ಬರೆದುಕೊಟ್ಟಳು, ಲ್ಯಾಬಿನ ಮುಖ್ಯಸ್ಥೆ ಸಹಿ ಹಾಕಿದರು, ಬೋರ್ಡು ಬಿತ್ತು. ಮುಖ್ಯಸ್ಥೆ ಅವಳಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದ, ಕಣ್ಣ ಕೆಳಗೆ ಯಾವಾಗಲೂ ಕಪ್ಪು ಕಟ್ಟಿರುತ್ತಿದ್ದ, ಕೆಲಸ ಬಲ್ಲ ಹೆಂಗಸು.

ಮೇಷ್ಟ್ರು ಆ ಸಂಜೆ ಜಗಳ ಆಡಲಿಲ್ಲ. ಮಾರನೆಯ ಬೆಳಿಗ್ಗೆ ತಮ್ಮ ತೇಲುಬುರುಡೆಗಳು, ಹಗ್ಗ, ಸೀಟಿ ಎಲ್ಲವನ್ನೂ ಹೊತ್ತುಕೊಂಡು ಆಚೆ ದಡಕ್ಕೆ ಹೋದರು. ಗಾಳಿ ಪಾಚಿಯನ್ನೆಲ್ಲ ಮೆಟ್ಟಿಲ ಕಡೆಗೆ ತಳ್ಳಿದ್ದರಿಂದ ಆಚೆ ದಡದಲ್ಲಿ ನೀರು ತಿಳಿಯಾಗಿತ್ತು. ಅಲ್ಲಿ ಏರಿನ ಬುಡದಲ್ಲಿ ಕಲ್ಲುಗಳ ಸಂದಿನಿಂದ ಒರತೆಯೊಂದು ಹೊರಟು ಕೆರೆಗೆ ಸೇರುತ್ತಿತ್ತು. ತಳದ ಮರಳು ಕಾಣುವಷ್ಟು ನಿರ್ಮಲ, ಬಾಯಿಗೆ ಹಾಕಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಮೇಲೆ ಏರಿನಲ್ಲಿ ಹಳೆಯ ಸಾಲುಮನೆಗಳು. ಅದರಲ್ಲಿ ಒಂದು ಇವರದೇ ಮನೆ.

"ಈಗೇನಂತೀಯ? ಇಲ್ಲಿ ಪಾಚಿ ಇದೆಯಾ ನೋಡು. ನೀರೊಳಗೆ ಕೂತು ಪೇಪರ್ ಓದಬಹುದು" ಅಂದರು ಮೇಷ್ಟ್ರು, ಐಸ್ ಪೆಟ್ಟಿಗೆ ಹೊತ್ತು ಬಂದ ಹೆಂಡತಿಗೆ.

ಮಕ್ಕಳು ಎಲ್ಲಿ ಇಳಿಯುತ್ತಾರೋ ಅಲ್ಲಿನ ನೀರು ಪರೀಕ್ಷೆಯಾಗಬೇಕು, ಅದು ನಿಯಮ. ಅವಳು ಬಗ್ಗಿ ನೀರು ಹಿಡಿದಳು. ಅವರು ಹೇಳಿದ್ದು ನಿಜವೇ, ಪಾಚಿ ಇರಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಆ ಹನಿ ಗುಡಿಸಿಟ್ಟ ಅಂಗಳದಂತಿತ್ತು. ಒಂದೆರಡು ದೋಣಿಯಾಕಾರದವು ಬಿಟ್ಟರೆ ಎಲ್ಲ ಖಾಲಿ. ಅವಳಿಗೆ ಒಂದು ನಿಮಿಷ ಹಗುರವೂ ಆಯಿತು. ಆದರೆ ಮಾರನೆಯ ದಿನ ಬಿಸಿಪೆಟ್ಟಿಗೆಯಿಂದ ತಟ್ಟೆ ತೆಗೆದಳು ನೋಡಿ, ಪೊರೆಯ ಮೇಲೆ ಚುಕ್ಕಿಗಳು ಒಂದರ ಮೇಲೊಂದು ಮುಗಿಬಿದ್ದಿದ್ದವು. ಇ-ಕೋಲೈ. ಮನುಷ್ಯರ, ಪ್ರಾಣಿಗಳ ಹೊಟ್ಟೆಯಿಂದ ಹೊರಬಿದ್ದದ್ದು. ಎಲ್ಲಿಯೋ ಪಾಯಖಾನೆಯ ಗುಂಡಿ ಒಡೆದು ಒರತೆಯ ದಾರಿಗೆ ಸೋರುತ್ತಿದೆ ಎಂದೇ ಅರ್ಥ.

ಒಮ್ಮೆ ತಪ್ಪಿರಬಹುದೆಂದು ಮತ್ತೊಮ್ಮೆ ತಂದಳು. ಮತ್ತೂ ಅದೇ. ಆಚೆ ದಡಕ್ಕೂ ಬೋರ್ಡು ಬಿತ್ತು.

ಈ ಸಲ ಮೇಷ್ಟ್ರು ಊಟದ ತಟ್ಟೆ ಮುಂದೆ ಕೂತು ಕೈ ಇಡಲಿಲ್ಲ.

"ಹಸಿರಾಗಿದ್ರೂ ಬೇಡ, ತಿಳಿಯಾಗಿದ್ರೂ ಬೇಡ. ನಿನಗೆ ಎಂಥ ನೀರು ಬೇಕು ಅಂತ ಹೇಳಿಬಿಡು, ಎಲ್ಲಿಂದಾದ್ರೂ ತರಿಸ್ತೀನಿ."

"ನನಗೆ ಬೇಕಾಗಿರೋ ನೀರಲ್ಲ ರೀ ಅದು. ಮಕ್ಕಳ ಬಾಯಿಗೆ ಹೋಗೋ ನೀರು."

"ನಾನು ಹುಟ್ಟಿದಾಗಿಂದ ಕುಡಿದಿದ್ದೀನಿ ಆ ಒರತೆ. ಏನಾಗಿದೆ ನನಗೆ?"

"ನೀವು ಗಟ್ಟಿ. ಎಲ್ಲರ ಮಕ್ಕಳೂ ಗಟ್ಟಿ ಇರ್ತಾರಾ?"

"ಸರಿ ಬಿಡು. ಊರಿಗೆಲ್ಲ ನೀನೊಬ್ಬಳೇ ತಾಯಿ" ಅಂದು ಮೇಷ್ಟ್ರು ಎದ್ದುಬಿಟ್ಟರು. ಅಂದ ಮೇಲೆ ಆ ಮಾತು ಎಲ್ಲಿ ಹೋಗಿ ನಾಟಿತೆಂದು ಅವರಿಗೇ ಗೊತ್ತಾಗಿ, ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆದರೆ ತಿರುಗಿ ನೋಡಲಿಲ್ಲ. ಅವಳು ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಇಟ್ಟಳು.

ಈಜಿನ ಮಕ್ಕಳನ್ನು ಅಪ್ಪ ಅಮ್ಮಂದಿರು ಊರಿನ ಆ ತುದಿಯಲ್ಲಿದ್ದ ಈಜುಕೊಳಕ್ಕೆ ಸೇರಿಸಿದರು. ಮೇಷ್ಟ್ರು ಜಗಲಿಯಲ್ಲಿ ಕೂತು ಸವೆದ ಹಗ್ಗಗಳಿಗೆ ಗಂಟು ಹಾಕಿದರು, ಹಾಕಿದ ಗಂಟನ್ನೇ ಬಿಚ್ಚಿ ಇನ್ನೊಮ್ಮೆ ಹಾಕಿದರು. ಬೆಳಿಗ್ಗೆ ಮಾತ್ರ ಬಿಳಿ ಟವೆಲ್ ಹೆಗಲಿಗೆಸೆದು, ಬೋರ್ಡಿನ ಪಕ್ಕದಲ್ಲೇ ಹಾದು ಒಬ್ಬರೇ ಆಚೆ ದಡದಲ್ಲಿ ಈಜಿ ಬರುತ್ತಿದ್ದರು. ಬೇಡವೆಂದರೆ "ನಾನೇನು ಮಗುವಾ?" ಅನ್ನುತ್ತಿದ್ದರು. ಗಂಡ ಹೆಂಡತಿಗೆ ಬೇಕಾದಷ್ಟೇ ಮಾತು ಉಳಿಯಿತು: ಗ್ಯಾಸ್ ಮುಗಿದಿದೆ, ಅತ್ತೆಯ ಮಾತ್ರೆ ತರಬೇಕು, ನಲ್ಲಿ ತೊಟ್ಟಿಕ್ಕುತ್ತಿದೆ.

ಮುಖ್ಯಸ್ಥೆ ಅವಳನ್ನು ಕರೆದು ಕೂರಿಸಿದರು. "ಬರೀ ಬೋರ್ಡ್ ಹಾಕ್ಕೊಂಡು ಕೂತ್ರೆ ಆಗಲ್ಲ ಮೇಡಂ. ಎಲ್ಲಿಂದ ಸೋರ್ತಿದೆ ಅಂತ ಹುಡುಕ್ಬೇಕು. ಮೇಲಿನ ಸಾಲುಮನೆಗಳಿಂದಾನೇ ಇರ್ಬೇಕು."

"ಅದು ನಮ್ಮ ಬೀದಿ."

"ಗೊತ್ತು. ಕಷ್ಟ ಆದ್ರೆ ಬೇರೆಯವರನ್ನ ಕಳಿಸ್ತೀನಿ."

ಬೇರೆಯವರು ಹೋದರೆ ತಮ್ಮ ಬೀದಿಯವರು ಬಾಗಿಲು ಕೂಡ ತೆಗೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. "ನಾನೇ ಹೋಗ್ತೀನಿ" ಅಂದಳು. ಅಂದಮೇಲೆ, ಯಾಕಾದರೂ ಒಪ್ಪಿಕೊಂಡೆನೋ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಹುಡುಕುವ ಬಗೆ ಸರಳ. ಇಟ್ಟಿಗೆ ಬಣ್ಣದ ಒಂದು ಪುಡಿ ಇದೆ. ನೀರಿಗೆ ಬಿದ್ದರೆ ಗಿಳಿಹಸಿರಾಗುತ್ತದೆ, ಯಾರಿಗೂ ಅಪಾಯವಿಲ್ಲ. ಒಂದು ಮನೆಯ ಕಕ್ಕಸಿಗೆ ಅದನ್ನು ಸುರಿದು ನೀರು ಬಿಡುವುದು, ಆಮೇಲೆ ಒರತೆಯ ಬಳಿ ಕಾಯುವುದು. ಹಸಿರು ಬಂದರೆ ಆ ಮನೆಯದೇ. ಬರದಿದ್ದರೆ ಕೆಲವು ದಿನ ಬಿಟ್ಟು ಮುಂದಿನ ಮನೆ. ಸರಳವಾದದ್ದು ಪುಡಿ ಮಾತ್ರ. ಒಬ್ಬೊಬ್ಬರ ಮನೆ ಬಾಗಿಲು ತಟ್ಟಿ, "ನಿಮ್ಮ ಕಕ್ಕಸು ಒಮ್ಮೆ ನೋಡಬೇಕಿತ್ತು" ಅನ್ನುವುದು ಸರಳವಲ್ಲ.

ಸಾಲಿನ ಆ ಕೊನೆಯ ಮನೆ ಟೈಲರನದು. ಅವನು ಕತ್ತರಿ ಹಿಡಿದೇ ಬಾಗಿಲಿಗೆ ಬಂದ.

"ನಮ್ಮನೇದೇ ಅಂತ ಆಗ್ಬಿಟ್ರೆ ಏನಕ್ಕ ಗತಿ? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?"

"ಯಾರೂ ಬೇಕು ಅಂತ ಮಾಡಿದ್ದಲ್ಲಪ್ಪ. ಗುಂಡಿ ಎಲ್ಲರ ಮನೇಲೂ ಇದೆ."

ಪುಡಿ ಸುರಿದು ನೀರು ಬಿಟ್ಟಾಗ ಟೈಲರ್ ಇಣುಕಿ ನೋಡಿ, "ನಮ್ಮನೆ ಕಕ್ಕಸು ಇಷ್ಟು ಚೆಂದ ಯಾವತ್ತೂ ಕಂಡಿರ್ಲಿಲ್ಲ ಬಿಡಿ. ಇದೇ ಬಣ್ಣದಲ್ಲಿ ಒಂದು ಬ್ಲೌಸ್ ಪೀಸ್ ಸಿಕ್ಕಿದ್ರೆ ಹೇಳಿ" ಅಂದ. ಅವಳಿಗೆ ಬಹಳ ದಿನಗಳ ಮೇಲೆ ನಗು ಬಂತು.

ಒರತೆ ತಿಳಿಯಾಗಿಯೇ ಹರಿಯಿತು. ಅದರ ಪಕ್ಕದ ಮನೆ, ಅದರ ಪಕ್ಕದ್ದು. ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಅವಳು ನೀರನ್ನೇ ನೋಡಿದಳು. ಕಾಯುತ್ತ ಕೂತಾಗ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಚುಕ್ಕಿಗಳೇ ಕಾಣುತ್ತಿದ್ದವು. ರಜೆ ಮುಗಿಯುತ್ತ ಬಂತು. ಸಾಲಿನಲ್ಲಿ ಮನೆಗಳೂ ಮುಗಿಯುತ್ತ ಬಂದವು. ತನ್ನ ಮನೆಯನ್ನು ಕೊನೆಗೆ ಬಿಟ್ಟಿದ್ದೇನೆ ಎಂಬುದು ಅವಳಿಗೆ ಹೊಳೆದದ್ದು ಬೇರೆ ಯಾವ ಮನೆಯೂ ಉಳಿಯದೆ ಹೋದಾಗಲೇ. ಬೇಕೆಂದು ಬಿಟ್ಟದ್ದಲ್ಲ. ಆ ಕೊನೆಯಿಂದ ಶುರು ಮಾಡಿದ್ದಳು, ಅಷ್ಟೇ. ಆದರೂ ಮನಸ್ಸಿನಲ್ಲಿ ಕಸಿವಿಸಿಯಾಯಿತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಇಬ್ಬರ ಮುಂದೆಯೂ ಹೇಳಿದಳು. "ಇವತ್ತು ನಮ್ಮನೆಗೆ ಪುಡಿ ಹಾಕ್ತೀನಿ."

ಅತ್ತೆ ಲೋಟ ಕೆಳಗಿಟ್ಟರು. "ನಮ್ಮನೆಗಾ? ನಮ್ಮ ಗುಂಡಿ ನಿಮ್ಮ ಮಾವ ಕೈಯಾರೆ ಕಟ್ಟಿದ್ದು ಕಣಮ್ಮ. ಊರಿನ ಗಾರೆ ಕೆಲಸದವರೆಲ್ಲ ಬಂದು ನೋಡ್ಕೊಂಡು ಹೋಗಿದ್ರು. ಬೀದಿಯವರದ್ದೆಲ್ಲ ನೋಡಿ ಸಾಕಾಗಿ ಈಗ ಸತ್ತವರ ಕೆಲಸಕ್ಕೆ ಕೈ ಹಾಕ್ತೀಯ?"

"ಎಲ್ಲರ ಮನೆಗೂ ಹಾಕಿದ್ದೀನಿ ಅತ್ತೆ. ನಮ್ಮದೊಂದು ಬಿಟ್ರೆ ನಾಳೆ ಅವರ ಮುಖ ಹೇಗೆ ನೋಡ್ಲಿ?"

ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ಹಾಕ್ಲಿ ಬಿಡಮ್ಮ. ಬರಲ್ಲ ಅಂತ ಗೊತ್ತಾಗ್ಲಿ" ಅಂದರು.

ಅವಳು ಅಂದು, ಮಾರನೆಯ ದಿನ, ಅದರ ಮಾರನೆಯ ದಿನ ಹೋಗಿ ನೋಡಿದಳು. ಒರತೆ ಎಂದಿನಂತೆಯೇ ಇತ್ತು. ಅವಳಿಗೆ ಸಮಾಧಾನವಾಗಬೇಕಿತ್ತು. ಹಾಗಾದರೆ ಸೋರುತ್ತಿರುವುದು ಎಲ್ಲಿಂದ, ಮತ್ತೆ ಮೊದಲಿನಿಂದ ಎಲ್ಲಿ ಹುಡುಕಲಿ ಎಂದು ಯೋಚಿಸುತ್ತಲೇ ಏರು ಹತ್ತಿದಳು.

ಅದಾದ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಐಸ್ ಪೆಟ್ಟಿಗೆ ತುಂಬಿಸುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಮೇಷ್ಟ್ರ ಹೆಜ್ಜೆ ಸದ್ದಾಯಿತು. ಟವೆಲನ್ನು ತಂತಿಯ ಮೇಲೆ ಹರವಿ ನೆರಿಗೆ ತೀಡಿದರು. ಅವಳು ಹೊರಗೆ ಬಂದು ನೋಡಿದಳು. ಬಿಳಿ ಟವೆಲಿನ ಮೈತುಂಬ ತಿಳಿಯಾದ ಗಿಳಿಹಸಿರು. ಅವರ ಕಿವಿಯ ಹಿಂದೆ, ಉಗುರ ಸಂದಿನಲ್ಲಿ ಅದೇ ಬಣ್ಣ. ಪುಡಿ ಮಣ್ಣಿನೊಳಗೆ ನಿಧಾನಕ್ಕೆ ಇಳಿದು ಈಗ ಒರತೆ ಮುಟ್ಟಿತ್ತು.

"ನಮ್ಮದೇ" ಅಂದರು ಮೇಷ್ಟ್ರು.

ಅವಳು ಇಷ್ಟು ವಾರ ಮನಸ್ಸಿನಲ್ಲೇ ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದಳು. ಪಾತ್ರೆ ತಿಕ್ಕುವಾಗ, ಬಸ್ಸಿನಲ್ಲಿ ನಿಂತಾಗ, ಗಂಡನಿಗೆ ಹೀಗೆ ಹೇಳಬೇಕು, ಹಾಗೆ ಕೇಳಬೇಕು ಎಂದು ಅಂದುಕೊಂಡಿದ್ದಳು. ಈಗ ಗೆದ್ದೆ ಅನ್ನಿಸಲಿಲ್ಲ. ಮನೆಯೊಳಗೆ ಹೋಗಿ ಮಲಗಬೇಕು ಅನ್ನಿಸಿತು.

"ಎಷ್ಟು ವರ್ಷದಿಂದ ಸೋರ್ತಿರಬಹುದು?"

"ಹೇಳೋಕಾಗಲ್ಲ ರೀ."

"ಮಕ್ಕಳನ್ನ ನಾನೇ ಅಲ್ಲಿಗೆ ಕರ್ಕೊಂಡು ಹೋದೆ ಕಣೇ. ಬನ್ನಿ, ಇಲ್ಲಿ ನೀರು ಚೆನ್ನಾಗಿದೆ ಅಂತ."

ನಾನು ಆವತ್ತೇ ಹೇಳಲಿಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಸ್ನಾನ ಮಾಡಿ ಬನ್ನಿ. ಸೋಪು ಹಾಕಿ ತಿಕ್ಕಿ, ಕಿವಿ ಹಿಂದೆ ಎಲ್ಲ" ಅಂದಳು.

ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು ಟವೆಲು ನೋಡಿದರು. ಅದರ ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದರು. ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತರು. ಅಂದು ಮಧ್ಯಾಹ್ನ ಸೊಸೆ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ.

ಲ್ಯಾಬಿಗೆ ತಿಳಿಸಿದಳು. ಆಮೇಲೆ ಬೀದಿಯ ಪ್ರತಿಯೊಂದು ಮನೆಗೂ ತಾನೇ ಹೋಗಿ ಹೇಳಿದಳು, ಬೇರೆಯವರ ಬಾಯಿಂದ ಹೋಗುವುದು ಬೇಡವೆಂದು. ಕೆಲವರು ಅಯ್ಯೋ ಅಂದರು. ಒಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಟೈಲರ್ ಮಾತ್ರ ಕತ್ತರಿ ಕೆಳಗಿಟ್ಟು, "ಅಗೆಯೋದು ಮುಗಿಯೋವರೆಗೂ ನಮ್ಮನೆ ಕಕ್ಕಸಿಗೇ ಬನ್ನಿ ಅಕ್ಕ. ಅಜ್ಜೀನೂ ಕರ್ಕೊಂಡು ಬನ್ನಿ. ಬಾಗಿಲು ಹಾಕಲ್ಲ" ಅಂದ. ಹಾಗೆ ದಿನವೂ ಬೆಳಿಗ್ಗೆ ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಸೊಸೆಯ ತೋಳು ಹಿಡಿದು, ಯಾರದೋ ಮನೆಗೆ ಹೆಣ್ಣು ನೋಡಲು ಹೊರಟವರ ಗತ್ತಿನಲ್ಲಿ ಬೀದಿಯುದ್ದ ನಡೆದರು. ಟೈಲರನ ಹೆಂಡತಿ ಹೋದಾಗಲೆಲ್ಲ ಕಾಫಿ ಕೊಟ್ಟಳು. ಆ ಕಾಫಿಯಲ್ಲಿ ಸಕ್ಕರೆ ಜಾಸ್ತಿ ಎಂದು ಅತ್ತೆ ಬರುವಾಗ ದಾರಿಯಲ್ಲಿ ದೂರುತ್ತಿದ್ದರು. ದೂರಲು ಶುರು ಮಾಡಿದರಲ್ಲ ಎಂದು ಸೊಸೆಗೆ ಜೀವ ಬಂತು.

ಹಿತ್ತಲು ಅಗೆಯಲು ಗಾರೆ ಕೆಲಸದವನು ಬಂದ. ಮೇಷ್ಟ್ರು ಲುಂಗಿ ಮೇಲೆ ಕಟ್ಟಿ ಅವನ ಜೊತೆ ತಾವೂ ಗುಂಡಿಗೆ ಇಳಿದರು. ಅತ್ತೆ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಡಿಸಿಕೊಂಡು ಮೇಲೆ ಕೂತರು. ಕಲ್ಲಿನ ಗೋಡೆ ಬಯಲಾಗುತ್ತಿದ್ದಂತೆ ಕೇಳಿದರು: "ಗಾರೆ ಹೇಗಿದೆ ನೋಡಿ ಹೇಳಪ್ಪ. ಮುಲಾಜಿಲ್ಲದೆ ಹೇಳು."

ಅವನು ಸುತ್ತಿಗೆಯ ಹಿಡಿಯಿಂದ ಕುಟ್ಟಿ ನೋಡಿದ. "ಗಾರೆ ಕಲ್ಲಿನ ಹಾಗಿದೆ ಅಜ್ಜಿ. ಈಗಿನವರು ಹೀಗೆ ಕಟ್ಟಲ್ಲ. ಬೇರು ಬಂದು ಸೀಳಿದೆ, ಇಲ್ನೋಡಿ." ಮೂಲೆಯಲ್ಲಿ ತೋಳುದಪ್ಪದ ಬೇರೊಂದು ಗೋಡೆಯನ್ನು ಎರಡಾಗಿ ಸೀಳಿಕೊಂಡು ಒಳಗೆ ನುಗ್ಗಿತ್ತು.

ಅತ್ತೆ ತಲೆ ಎತ್ತಿ ಹಿತ್ತಲ ಮರವನ್ನು ನೋಡಿದರು. ಆ ಮರ ನೆಟ್ಟವರು ಯಾರೆಂದು ಮನೆಯವರಿಗೆಲ್ಲ ಗೊತ್ತಿತ್ತು. ಬಟ್ಟೆ ಒಗೆಯುವ ಕಲ್ಲಿಗೆ ನೆರಳಾಗಲಿ ಎಂದು ಅತ್ತೆಯೇ ನೆಟ್ಟಿದ್ದರು. "ಬಿಸಿಲು ಜಾಸ್ತಿಯಾಯ್ತು, ನನ್ನ ಒಳಗೆ ಬಿಡು" ಅಂದರು ಅತ್ತೆ, ಸೊಸೆಯ ಕಡೆ ಕೈ ಚಾಚಿ.

ಗುಂಡಿ ಮುಚ್ಚಿಸಿ ಮನೆಯ ಕೊಳವೆಯನ್ನು ಬೀದಿಗೆ ಹೊಸದಾಗಿ ಬಂದಿದ್ದ ಒಳಚರಂಡಿಗೆ ಸೇರಿಸಿದರು. ಆದರೆ ಒರತೆ ಒಂದೇ ದಿನಕ್ಕೆ ನೆಟ್ಟಗಾಗಲಿಲ್ಲ. ಮಣ್ಣು ಹಿಡಿದಿಟ್ಟುಕೊಂಡದ್ದನ್ನು ಬಿಡುವುದು ನಿಧಾನ. ಮಳೆ ಬಂದು ಹೋಯಿತು, ಮೆಟ್ಟಿಲ ಕಡೆಯ ಪಾಚಿ ಕೊಚ್ಚಿಹೋಗಿ ಅಲ್ಲಿನ ಬೋರ್ಡು ತೆಗೆದರು, ಚಳಿ ಬಂತು. ಅವಳು ಹೋಗುತ್ತಲೇ ಇದ್ದಳು, ತಟ್ಟೆಯ ಚುಕ್ಕಿಗಳು ಒಮ್ಮೆ ಕಡಿಮೆಯಾಗಿ ಮತ್ತೆ ಹೆಚ್ಚಾಗಿ ಸತಾಯಿಸುತ್ತಲೇ ಇದ್ದವು. ಈಜುಕೊಳಕ್ಕೆ ಹೋದ ಮಕ್ಕಳಲ್ಲಿ ಕೆಲವರು ಮಾತ್ರ ಮೇಷ್ಟ್ರ ಬಳಿಗೆ ಮರಳಿದರು. ಮೇಷ್ಟ್ರು ಒಬ್ಬೊಬ್ಬ ಮಗುವಿನ ಮನೆಗೂ ಹೋಗಿ ಆ ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟಿತ್ತೇ ಎಂದು ಕೇಳಿಕೊಂಡು ಬಂದರೆಂದು ಅವಳಿಗೆ ಟೈಲರನಿಂದ ತಿಳಿಯಿತು. ಒಂದಿಬ್ಬರಿಗೆ ಕೆಟ್ಟಿತ್ತಂತೆ, ವಾಸಿಯಾಗಿತ್ತಂತೆ. ಅವಳು ಆ ವಿಷಯ ಗೊತ್ತಿರುವ ಹಾಗೆ ತೋರಿಸಿಕೊಳ್ಳಲಿಲ್ಲ.

ಅವಳ ಭುಜಕ್ಕೆ ನೋವು ಬಂದದ್ದು ಆ ಚಳಿಯಲ್ಲೇ. ಕೈ ಮೇಲೆತ್ತಿದರೆ ಜೀವ ಹೋಗುವಂತಾಗುತ್ತಿತ್ತು. ಮೇಷ್ಟ್ರು ಒಂದು ಬೆಳಿಗ್ಗೆ ಐಸ್ ಪೆಟ್ಟಿಗೆಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಹೊರಟರು. ಅಂದಿನಿಂದ ಅದು ರೂಢಿಯಾಯಿತು. ನೀರು ಹಿಡಿಯುವುದು ಅವಳು, ಹೊರುವುದು ಅವರು. ಬಾಟ್ಲಿಯ ಬಾಯಿ ಮುಟ್ಟಬೇಡಿ ಎಂದು ಮೊದಲ ದಿನ ಗದರಿಸಿಕೊಂಡಿದ್ದರು.

ಚಳಿ ಕಳೆಯುವ ಹೊತ್ತಿಗೆ ಒರತೆಯ ತಟ್ಟೆಯಲ್ಲಿ ಚುಕ್ಕಿಗಳು ಬೆರಳೆಣಿಕೆಗೆ ಇಳಿದವು. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ. ಮುಖ್ಯಸ್ಥೆ ತಟ್ಟೆಯನ್ನು ಬೆಳಕಿಗೆ ಹಿಡಿದು, "ಆಯ್ತು ಮೇಡಂ, ಒರತೆ ಸರಿಹೋಯ್ತು. ನಾಳೆ ಆಚೆ ದಡದ ಬೋರ್ಡ್ ತೆಗೆಸ್ತೀನಿ" ಅಂದರು. ಆ ಮಾತಿನ ಬೆನ್ನಿಗೇ, ಗುಡ್ಡದಾಚೆಯ ಹೊಂಡವೊಂದರಿಂದ ದೂರು ಬಂದಿದೆ, ಈ ವಾರವೇ ಶುರು ಮಾಡಬೇಕು ಎಂದೂ ಸೇರಿಸಿದರು. ಅವಳು ಆಗಲಿ ಎಂದು ತಲೆಯಾಡಿಸಿ, ಕನ್ನಡಕ ತೆಗೆದಿಟ್ಟು, ಮೈಕ್ರೋಸ್ಕೋಪಿನ ಪಕ್ಕದಲ್ಲೇ ಮೇಜಿಗೆ ಹಣೆ ಆನಿಸಿದಳು. ಒಂದು ನಿಮಿಷಕ್ಕೆಂದು ಆನಿಸಿದ್ದು. ಕಣ್ಣು ಹತ್ತಿಬಿಟ್ಟಿತು.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಬಾಗಿಲ ಬಳಿ ಮೇಷ್ಟ್ರ ದನಿ ಕೇಳಿಸಿತು, ಕರೆದುಕೊಂಡು ಹೋಗಲು ಬಂದಿದ್ದರು.

"ಎಬ್ಬಿಸ್ಲಾ ಸಾರ್?" ಎಂದು ಮುಖ್ಯಸ್ಥೆ ಮೆಲ್ಲಗೆ ಕೇಳಿದರು.

"ಬೇಡ ಬಿಡಿ. ಬಸ್ಸು ಇನ್ನೊಂದು ಇದೆ" ಅಂದರು ಮೇಷ್ಟ್ರು. ಸ್ಟೂಲು ಎಳೆದುಕೊಂಡು ಕೂತ ಸದ್ದಾಯಿತು.

ಅವಳಿಗೆ ಪೂರ್ತಿ ಎಚ್ಚರವಾಗಿತ್ತು. ಆದರೂ ಕಣ್ಣು ತೆರೆಯಲಿಲ್ಲ.